ಬೆಚ್ಚನೆಯ ಜಾಗಗಳ ಪದಕೋಶ: ಈ ತಿಂಗಳ ಕೆಲಸ

ಅಕಾರಾದಿಯಾಗಿ ಜೋಡಿಸುವ ಯೋಚನೆಯನ್ನು ಈ ತಿಂಗಳು ಕೈಬಿಟ್ಟಿದ್ದೇನೆ. ಇಂಗ್ಲಿಷಿನಲ್ಲಿ ಬೆಚ್ಚನೆಯ, ಹಿತವಾದ ಜಾಗಗಳಿಗೆ ಇರುವ ಪದಗಳನ್ನು ಇನ್ನು ಒಂದೇ ಪ್ರಶ್ನೆ ಹಿಡಿದು ವಿಂಗಡಿಸುತ್ತೇನೆ: ಒಳಗೆ ಕುಳಿತವರು ಯಾವುದರಿಂದ ತಪ್ಪಿಸಿಕೊಂಡಿದ್ದಾರೆ?

ಹೀಗೆ ಮಾಡಿಸಿದ್ದು ‘ಸ್ನಗ್’. ಈಗ ಕಂಬಳಿ ಹೊದ್ದಂತೆ ಕೇಳಿಸುವ ಈ ಪದ 16ನೆಯ ಶತಮಾನದ ಕೊನೆಯಲ್ಲಿ ಕಡಲಿನವರ ಮಾತಾಗಿತ್ತು. ಹಾಯಿ, ಹಗ್ಗ ಎಲ್ಲವನ್ನೂ ಬಿಗಿದು ಬಿರುಗಾಳಿಗೆ ಅಣಿಯಾದ ಹಡಗು ಸ್ನಗ್. ಮುಂದೆ ಇಂಗ್ಲೆಂಡ್, ಐರ್ಲೆಂಡಿನ ಪಬ್ಬುಗಳಲ್ಲಿ ಅದೇ ಒಂದು ಪುಟ್ಟ ಕೋಣೆಯ ಹೆಸರಾಯಿತು. ಒಳಗೇನೂ ಕಾಣದಂತೆ ಮಸುಕು ಗಾಜು, ಬಾರಿನ ಕಡೆಗೊಂದು ಕಿಂಡಿ. ಗ್ಲಾಸು ಬರುವುದು ಆ ಕಿಂಡಿಯಿಂದ. ಪಬ್ಬಿನಲ್ಲಿ ಕಂಡರೆ ಊರವರ ಬಾಯಿಗೆ ಬೀಳುತ್ತಿದ್ದ ಹೆಂಗಸರು, ಪಾದ್ರಿಗಳು, ಪೊಲೀಸರು ಅಲ್ಲಿ ನೆಮ್ಮದಿಯಾಗಿ ಕುಡಿಯುತ್ತಿದ್ದರು. ಹಾಗಾಗಿ ಸ್ನಗ್ ಎರಡು ಗುಂಪಿಗೆ ಸೇರಿತು: ಗಾಳಿ, ಮತ್ತು ಜನರ ಕಣ್ಣು.

‘ಇಂಗಲ್‌ನುಕ್’ ಚೀಟಿಯೂ ಮುಗಿದಿದೆ. ಸ್ಕಾಟರ ಮಾತಿನಲ್ಲಿ ಇಂಗಲ್ ಎಂದರೆ ಮನೆಯೊಳಗಿನ ಬೆಂಕಿ, ನುಕ್ ಎಂದರೆ ಮೂಲೆ. ದೊಡ್ಡ ಅಗ್ಗಿಷ್ಟಿಕೆಯನ್ನು ಗೋಡೆಯ ಒಳಕ್ಕೆ ಸರಿಸಿ, ಬೆಂಕಿಯ ಅಕ್ಕಪಕ್ಕದಲ್ಲೇ ಆಸನ ಹಾಕಿದ ಜಾಗ. ಮುಖ ಕಾಯುವಾಗ ಬೆನ್ನಿಗೆ ಥಂಡಿ ಹೊಡೆಯುವುದಿಲ್ಲ. ನಾರ್ದಂಬರ್‌ಲೆಂಡಿನ ಕ್ರಾಗ್‌ಸೈಡ್ ಮನೆಯ ಊಟದ ಕೋಣೆಯಲ್ಲಿ ವಾಸ್ತುಶಿಲ್ಪಿ ರಿಚರ್ಡ್ ನಾರ್ಮನ್ ಶಾ ಇಂಥದ್ದೊಂದನ್ನು ಮಾಡಿಸಿದ. ‘ಮೂಡಣವೋ ಪಡುವಣವೋ, ಮನೆಯೇ ಮೇಲು’ ಎಂಬರ್ಥದ ಸ್ಕಾಟ್ ಮಾತು ಅಲ್ಲಿ ಕೆತ್ತಿದೆ. ಜಲವಿದ್ಯುತ್ತಿನಿಂದ ಬೆಳಗಿದ ಜಗತ್ತಿನ ಮೊದಲ ಮನೆಯೆಂದು ಹೆಸರಾದದ್ದೂ ಇದೇ. ಆದರೂ ಯಜಮಾನ ವಿಲಿಯಂ ಆರ್ಮ್‌ಸ್ಟ್ರಾಂಗ್ ತನ್ನ ಚಿತ್ರ ಬರೆಸಿಕೊಂಡದ್ದು ಆ ಹಳೆಯ ಕಾಲದ ಬೆಂಕಿಮೂಲೆಯಲ್ಲಿ ಪತ್ರಿಕೆ ಓದುತ್ತಾ, ಪಕ್ಕದಲ್ಲಿ ನಾಯಿಗಳನ್ನಿಟ್ಟುಕೊಂಡು. ಫಿರಂಗಿ ತಯಾರಿಸಿ ಹಣ ಮಾಡಿದವನಿಗೂ ಮನೆಯಲ್ಲಿ ಬೇಕಾದದ್ದು ಇಷ್ಟೇ ನೋಡಿ.

ಉಳಿದವು ಸಲೀಸಾಗಿ ಸಾಗಿದವು. ‘ಡೆನ್’ ಕಾಡುಮೃಗದ ಗುಹೆ. ‘ಹೇವನ್’ ಬಂದರು, ಕೋಪನ್‌ಹೇಗನ್ ಎಂಬ ಹೆಸರಿನ ಬಾಲದಲ್ಲಿರುವುದು ಇದರ ಸೋದರ ಪದ. ‘ನೆಸ್ಟ್’ ಮಾತ್ರ ಖುಷಿ ಕೊಟ್ಟಿತು. ಹಕ್ಕಿಯ ಗೂಡಿಗೆ ನಾವು ಸಂಸ್ಕೃತದಿಂದ ಪಡೆದ ‘ನೀಡ’ ಮತ್ತು ಅದು ಒಂದೇ ಬಳ್ಳಿಯವು. ಮೂಲದಲ್ಲಿ ಎರಡೂ ‘ಕೆಳಗೆ ಕೂರುವ ಜಾಗ’.

ಕನ್ನಡದ ಕಾಲಂನಲ್ಲಿ ಇಂಗಲ್‌ನುಕ್‌ಗೆ ‘ಒಲೆಮೂಲೆ’ ಎಂದು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಸ್ನಗ್ ಸದ್ಯಕ್ಕೆ ಸ್ನಗ್ ಆಗಿಯೇ ಇರಲಿ.

ಮುಂದಿನದು ‘ಬವರ್’. ಹಳೆಯ ಇಂಗ್ಲಿಷಿನಲ್ಲಿ ಒಳಮನೆ, ಆಮೇಲೆ ಬಳ್ಳಿ ಹಬ್ಬಿದ ಚಪ್ಪರ. ಅದಕ್ಕಾಗಿ ‘ಬಿಸಿಲು’ ಎಂಬ ಹೊಸ ಗುಂಪು ತೆರೆಯಬೇಕು. ಇಂಗ್ಲೆಂಡಿನಿಂದ ಆ ಗುಂಪಿಗೆ ಹೆಚ್ಚು ಸರಕು ಸಿಗುವ ಭರವಸೆ ನನಗಿಲ್ಲ.