ಪ್ಲೇಟ್‌ಲೆಟ್ 28 ಸಾವಿರ ಅಂತ ಬಂದಾಗ ಲ್ಯಾಬಿನಲ್ಲಿ ಏನು ಮಾಡ್ತೀವಿ

ಮಳೆಗಾಲ ಹಿಡಿದುಕೊಂಡರೆ ನಮ್ಮ ಲ್ಯಾಬಿನ ಕಿಟಕಿಯಲ್ಲಿ ಕೇಳಿಬರುವ ಮಾತು ಒಂದೇ: "ಪ್ಲೇಟ್‌ಲೆಟ್ ಎಷ್ಟ್ ಐತ್ರೀ?" ರಕ್ತ ಸೋರದಂತೆ ತಡೆಯುವ ಈ ಸಣ್ಣ ಕಣಗಳ ಹೆಸರನ್ನು ಡೆಂಗಿಯ ಭಯ ಹಳ್ಳಿಹಳ್ಳಿಗೂ ಮುಟ್ಟಿಸಿದೆ. ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ, ನರ್ಸಿಂಗ್ ಹೋಮ್‌ಗಳಿಗಂತೂ ಬರವಿಲ್ಲ. ಜಗಳೂರು, ಹೊನ್ನಾಳಿ, ಹರಪನಹಳ್ಳಿಯಿಂದ, ಆಚೆ ಚಿತ್ರದುರ್ಗದ ಕಡೆಯಿಂದಲೂ ಜನ ಇಲ್ಲಿಗೇ ಬರುತ್ತಾರೆ. ನಾನು ರಕ್ತ ಪರೀಕ್ಷೆಯ ವಿಭಾಗದಲ್ಲಿ ಟೆಕ್ನಿಷಿಯನ್. ಡಿಎಂಎಲ್‌ಟಿ (ಲ್ಯಾಬ್ ಕೆಲಸದ ಡಿಪ್ಲೊಮಾ) ಮುಗಿಸಿ ಬರುವ ಹುಡುಗ ಹುಡುಗಿಯರಿಗೆ ಕೆಲಸ ಹೇಳಿಕೊಡುವುದೂ ನನ್ನ ಪಾಲಿಗೇ ಬಂದಿದೆ.

ಹೇಳಿಕೊಡುತ್ತಾ ನನ್ನ ಮನಸ್ಸಿನಲ್ಲಿ ಗಟ್ಟಿಯಾದ ಒಂದು ಸಂಗತಿ ಇದೆ. ಒಂದು ನಂಬರ್ ಕೈಗೆ ಬಂದ ಕೂಡಲೇ "ಇದು ತಪ್ಪಾಗಿದ್ದರೆ ನನಗೆ ಏನು ಕಾಣಬೇಕು?" ಎಂದು ಮೊದಲು ಕೇಳಿಕೊಳ್ಳಬೇಕು, ಆಮೇಲೆ ಹೋಗಿ ನೋಡಬೇಕು. ಹೈಸ್ಕೂಲಿನಲ್ಲಿ ವೀಕ್ಷಣೆ, ಊಹೆ, ಪ್ರಯೋಗ, ತೀರ್ಮಾನ ಎಂದು ಬಾಯಿಪಾಠ ಮಾಡಿದ್ದೆವಲ್ಲ, ಅದಕ್ಕೆ ಜೀವ ಬರುವುದು ಈ ಒಂದು ಪ್ರಶ್ನೆಯಿಂದ. ಒಂದು ಉದಾಹರಣೆ ಹಿಡಿದು ಹೇಳುತ್ತೇನೆ.

ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಮುಂಚೆ ಮಾಡಿಸುವ ರಕ್ತ ಪರೀಕ್ಷೆಗೆ ಒಬ್ಬ ಹೆಂಗಸು ಬಂದಿದ್ದರು. ರಕ್ತಕಣಗಳನ್ನು ಎಣಿಸುವ ಸಿಬಿಸಿ ಮಷಿನ್ ಪ್ಲೇಟ್‌ಲೆಟ್ 28,000 ಎಂದಿತು. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕು. ಹೊಸದಾಗಿ ಸೇರಿದ ಹುಡುಗ ಗಾಬರಿಯಾಗಿ, "ಮೇಡಂ, ಭಾಳ ಕಮ್ಮಿ ಐತಿ, ಡಾಕ್ಟರಿಗೆ ಫೋನ್ ಮಾಡ್ಲಾ?" ಅಂದ. "ಮಾಡು. ಸ್ಮಿಯರ್ ನೋಡಿ ಇನ್ನೊಂದ್ ಸಲ ಹೇಳ್ತೀವಿ ಅಂತಾನೂ ಹೇಳು" ಅಂದೆ. ಸ್ಮಿಯರ್ ಅಂದರೆ ಮೈಕ್ರೋಸ್ಕೋಪಿನಲ್ಲಿ ನೋಡಲು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಎಳೆದ ರಕ್ತ. ಇಂಥ ನಂಬರನ್ನು ಮುಚ್ಚಿಟ್ಟುಕೊಂಡು ಕೂರುವಂತಿಲ್ಲ. ಅಷ್ಟರಲ್ಲಿ ಮನೆಯವರು ರಕ್ತ ಕೊಡುವವರನ್ನು ಹುಡುಕಿ ಊರಿಗೆಲ್ಲ ಫೋನ್ ಹಚ್ಚಿದ್ದರು.

ಆದರೆ ಆ ಹೆಂಗಸನ್ನು ನೋಡಿದರೆ ನಂಬರಿಗೂ ಅವರಿಗೂ ತಾಳೆ ಆಗುತ್ತಿರಲಿಲ್ಲ. ಮೈಮೇಲೆ ಕೆಂಪು ಚುಕ್ಕೆ ಇಲ್ಲ, ವಸಡಿನಲ್ಲಿ ರಕ್ತ ಇಲ್ಲ, ಸೂಜಿ ಚುಚ್ಚಿದ ಜಾಗದಲ್ಲಿ ಹತ್ತಿ ಒತ್ತಿದ ಸ್ವಲ್ಪ ಹೊತ್ತಿಗೇ ರಕ್ತ ನಿಂತಿತ್ತು. ಜ್ವರವೂ ಬಂದಿರಲಿಲ್ಲ.

ಇಲ್ಲಿ ಜೀವಕೋಶದ ಪಾಠ ಕೆಲಸಕ್ಕೆ ಬರುತ್ತದೆ. ಪ್ಲೇಟ್‌ಲೆಟ್ ಪೂರ್ಣ ಜೀವಕೋಶವೇ ಅಲ್ಲ. ಮೂಳೆಯ ಮಜ್ಜೆಯಲ್ಲಿ ಮೆಗಾಕ್ಯಾರಿಯೋಸೈಟ್ ಎಂಬ ದೊಡ್ಡ ಕೋಶಗಳಿವೆ, ಅವುಗಳಿಂದ ಕಳಚಿಕೊಂಡ ಚೂರುಗಳೇ ಪ್ಲೇಟ್‌ಲೆಟ್‌ಗಳು. ಅಗಲ ಎರಡು ಮೂರು ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು), ಆಯಸ್ಸು ಒಂದು ವಾರದಿಂದ ಹತ್ತು ದಿನ, ಒಳಗೆ ಕೋಶಕೇಂದ್ರ ಇಲ್ಲ. ಕೆಂಪು ರಕ್ತಕಣದ ಅಗಲ ಏಳೆಂಟು ಮೈಕ್ರಾನ್, ಆಯಸ್ಸು ಸುಮಾರು 120 ದಿನ. ಅದಕ್ಕೂ ಕೋಶಕೇಂದ್ರ ಇಲ್ಲ. ಮಜ್ಜೆಯಲ್ಲಿ ಬೆಳೆಯುವಾಗ ಇರುತ್ತದೆ, ರಕ್ತಕ್ಕೆ ಇಳಿಯುವ ಮುಂಚೆ ಅದನ್ನು ಹೊರಗೆ ಹಾಕಿ ಒಳಗೆಲ್ಲ ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತದೆ. ಕೋಶಕೇಂದ್ರ ಉಳಿಸಿಕೊಂಡಿರುವುದು ಬಿಳಿ ರಕ್ತಕಣಗಳು ಮಾತ್ರ. ಎಲ್ಲ ಜೀವಕೋಶಕ್ಕೂ ಕೋಶಕೇಂದ್ರ ಇದ್ದೇ ಇರುತ್ತದೆ ಎಂದು ನಂಬಿಕೊಂಡು ಬರುವ ಮಕ್ಕಳಿಗೆ ಅವರದೇ ಬೆರಳಿನ ರಕ್ತ ತೋರಿಸುತ್ತೇನೆ. ಅವತ್ತು ನೋಡಿದ್ದು ಮರೆಯುವುದಿಲ್ಲ.

ಮಷಿನ್ ಇವನ್ನೆಲ್ಲ ಹೇಗೆ ಎಣಿಸುತ್ತದೆ? ವ್ಯಾಲೇಸ್ ಕೋಲ್ಟರ್ ಎಂಬ ಅಮೆರಿಕದವರು 1953ರಲ್ಲಿ ಪೇಟೆಂಟ್ ಪಡೆದ ಉಪಾಯ ಇವತ್ತಿಗೂ ನಡೆಯುತ್ತಿದೆ. ಸಣ್ಣ ತೂತಿನ ಮೂಲಕ ವಿದ್ಯುತ್ ಹರಿಯುತ್ತಿರುತ್ತದೆ. ಕಣವೊಂದು ಆ ತೂತಿನಲ್ಲಿ ಹಾಯುವಾಗ ವಿದ್ಯುತ್ತಿಗೆ ಕ್ಷಣಕಾಲ ಅಡ್ಡಿಯಾಗುತ್ತದೆ. ಕಣ ದೊಡ್ಡದಾದಷ್ಟೂ ಅಡ್ಡಿ ಹೆಚ್ಚು. ಎಪಿಎಂಸಿಯಲ್ಲಿ ಮೆಕ್ಕೆಜೋಳಕ್ಕೆ ಜರಡಿ ಹಿಡಿದ ಹಾಗೆ ಇಲ್ಲಿ ಗಾತ್ರವೇ ಎಲ್ಲ. ಗಾತ್ರ ಸುಮಾರು 2ರಿಂದ 20 ಫೆಮ್ಟೋಲೀಟರ್ (ಕಣಗಳ ಗಾತ್ರ ಅಳೆಯುವ ಅತಿ ಸಣ್ಣ ಮಾಪ) ಇದ್ದರೆ ಪ್ಲೇಟ್‌ಲೆಟ್ ಲೆಕ್ಕಕ್ಕೆ ಹೋಗುತ್ತದೆ. ಹಾಗಾದರೆ ಇಪ್ಪತ್ತು ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟಿಕೊಂಡು ಬಂದರೆ? ಆ ಗುಂಪು ಪ್ಲೇಟ್‌ಲೆಟ್ ಲೆಕ್ಕಕ್ಕೆ ಸೇರುವುದೇ ಇಲ್ಲ. ಕೆಲವು ಸಲ ಬಿಳಿ ರಕ್ತಕಣದ ಲೆಕ್ಕಕ್ಕೆ ಹೋಗಿ ಅಲ್ಲಿ ಸುಳ್ಳು ಏರಿಕೆ ತೋರಿಸುತ್ತದೆ. ಇದರ ಉಲ್ಟಾ ಕೂಡ ಉಂಟು. ಕೆಂಪುಕಣಗಳ ಚೂರುಗಳಿದ್ದರೆ, ಅಥವಾ ಕೆಂಪುಕಣಗಳೇ ಬಹಳ ಸಣ್ಣಗಾಗಿದ್ದರೆ, ಅವು ಪ್ಲೇಟ್‌ಲೆಟ್ ಎಂದು ಎಣಿಕೆಯಾಗಿ ಕೌಂಟ್ ಇರುವುದಕ್ಕಿಂತ ಜಾಸ್ತಿ ಬರಬಹುದು.

ಹುಡುಗನಿಗೆ ಒಂದು ಹಾಳೆ ಕೊಟ್ಟು, 28,000 ಬರಲು ಏನೇನು ಕಾರಣ ಇರಬಹುದು ಬರಿ, ಪ್ರತಿ ಕಾರಣದ ಮುಂದೆ ಅದು ನಿಜವಾಗಿದ್ದರೆ ಏನು ಕಾಣಬೇಕು ಅದನ್ನೂ ಬರಿ ಅಂದೆ. ಸ್ಲೈಡ್ ನೋಡುವ ಮುಂಚೆಯೇ ಬರೆಯಬೇಕು. ನೋಡಿದ ಮೇಲೆ ಬರೆದರೆ ಕಂಡದ್ದಕ್ಕೆ ತಕ್ಕ ಕಾರಣ ಹೊಂದಿಸಿಬಿಡುತ್ತೇವೆ, ಮನಸ್ಸಿನ ಗುಣವೇ ಅಂಥದ್ದು. ಅವನು ಬರೆದದ್ದು ಹೀಗೆ: ನಿಜವಾಗಿಯೂ ಕಮ್ಮಿ ಇದ್ದರೆ ಸ್ಮಿಯರ್ ತುಂಬ ಹುಡುಕಿದರೂ ಪ್ಲೇಟ್‌ಲೆಟ್ ಅಲ್ಲೊಂದು ಇಲ್ಲೊಂದು ಸಿಗಬೇಕು, ಗುಂಪು ಇರಬಾರದು. ರಕ್ತ ತೆಗೆದ ಮೇಲೆ ಟ್ಯೂಬನ್ನು ಸರಿಯಾಗಿ ಮೇಲೆ ಕೆಳಗೆ ಮಾಡದೆ ಹೆಪ್ಪುಗಟ್ಟಿದ್ದರೆ, ಕಡ್ಡಿ ಆಡಿಸಿದಾಗ ದಾರದಂಥ ಹೆಪ್ಪು ಸಿಕ್ಕಬೇಕು. ರಕ್ತ ಹೆಪ್ಪುಗಟ್ಟದಿರಲಿ ಎಂದು ಟ್ಯೂಬಿನಲ್ಲಿ ಹಾಕಿರುವ ಔಷಧಿಯಿಂದಲೇ ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದರೆ ಸ್ಮಿಯರಿನಲ್ಲಿ ಗುಂಪುಗಳು ಕಾಣಬೇಕು, ಬೇರೆ ಔಷಧಿಯ ಟ್ಯೂಬಿನಲ್ಲಿ ಕೌಂಟ್ ಏರಬೇಕು.

ಕಡ್ಡಿ ಆಡಿಸಿದ, ಹೆಪ್ಪು ಸಿಗಲಿಲ್ಲ. ಒಂದು ಊಹೆ ಬಿತ್ತು.

ಸ್ಮಿಯರ್ ಎಳೆದೆವು. ಸ್ಲೈಡಿನ ತುದಿಗೆ ಒಂದು ಸಣ್ಣ ಹನಿ, ಇನ್ನೊಂದು ಸ್ಲೈಡನ್ನು ಓರೆ ಹಿಡಿದು ಹನಿಗೆ ತಾಗಿಸಿ, ಹನಿ ಅಂಚಿಗೆಲ್ಲ ಹರಡಿದ ಮೇಲೆ ಒಂದೇ ಸಲಕ್ಕೆ ಮುಂದಕ್ಕೆ ತಳ್ಳಬೇಕು. ಕೈ ನಡುಗಿದರೆ ಮೆಟ್ಟಿಲು ಮೆಟ್ಟಿಲಾಗಿ ಬೀಳುತ್ತದೆ. ಚೆನ್ನಾಗಿ ಬಿದ್ದರೆ ಬಾಲದ ಕಡೆ ಗರಿಯಂತೆ ತೆಳ್ಳಗಾಗುತ್ತದೆ. ಲೀಶ್‌ಮನ್ ಬಣ್ಣ ಹಾಕಿ, ಪಿಎಚ್ (ಹುಳಿ-ಕ್ಷಾರದ ಮಟ್ಟ) ಏರುಪೇರಾಗದಂತೆ ಹಿಡಿಯುವ ಬಫರ್ ದ್ರಾವಣ ಸುರಿದು, ತೊಳೆದು, ಒಣಗಿಸಿ, ಎಣ್ಣೆ ಹಾಕುವ ನೂರರ ಲೆನ್ಸಿನ ಕೆಳಗಿಟ್ಟೆವು. ಮಧ್ಯದ ಭಾಗದಲ್ಲಿ ಕೆಂಪುಕಣಗಳು ಸಾಲಾಗಿ ಹರಡಿದ್ದವು, ಪ್ಲೇಟ್‌ಲೆಟ್ ಅಪರೂಪ. ಹುಡುಗ "ನಿಜಕ್ಕೂ ಕಮ್ಮಿನೇ ಐತಲ್ಲ ಮೇಡಂ" ಅಂದ. ಬಾಲದ ಅಂಚಿಗೆ ಸರಿಸು ಅಂದೆ. ಅಲ್ಲಿ ನೇರಳೆ ಬಣ್ಣದ ಪುಡಿಪುಡಿಯಾದ ಮುದ್ದೆಗಳು ಒಂದರ ಪಕ್ಕ ಒಂದು ಕೂತಿದ್ದವು. ಒಂದೊಂದು ಮುದ್ದೆ ಕೆಂಪುಕಣಕ್ಕಿಂತ ಎಷ್ಟೋ ದೊಡ್ಡದು, ಅಂಚಿನಲ್ಲಿ ಬಿಡಿ ಪ್ಲೇಟ್‌ಲೆಟ್‌ಗಳ ಗುಂಡು ಆಕಾರ ಗುರುತು ಸಿಗುತ್ತಿತ್ತು. ಸ್ಮಿಯರ್ ಎಳೆಯುವಾಗ ಭಾರದ ಗುಂಪುಗಳೆಲ್ಲ ಅಂಚಿಗೆ ತಳ್ಳಿಕೊಂಡು ಹೋಗುತ್ತವೆ. ಮಧ್ಯದ ಜಾಗ ಮಾತ್ರ ನೋಡಿ ಎದ್ದವರಿಗೆ ಇದು ಸಿಗುವುದಿಲ್ಲ.

ಗುಂಪು ಕಂಡಿತು ಎಂದು ಅಲ್ಲಿಗೇ ಮುಗಿಸಬಾರದು. ರಕ್ತ ತೆಗೆಯುವಾಗ ನರ ಸಿಗದೆ ತಡವಾದರೂ ಪ್ಲೇಟ್‌ಲೆಟ್ ಅಂಟಿಕೊಳ್ಳುತ್ತವೆ. ಹಾಗಾಗಿ ಮತ್ತೆ ರಕ್ತ ತೆಗೆದೆವು. ಒಂದೇ ಸಲಕ್ಕೆ ಎರಡು ಟ್ಯೂಬ್: ಮೊದಲಿನಂತೆ ಇಡಿಟಿಎ ಎಂಬ ಔಷಧಿ ಇರುವ ನೇರಳೆ ಮುಚ್ಚಳದ್ದು, ಸೋಡಿಯಂ ಸಿಟ್ರೇಟ್ ಇರುವ ತಿಳಿನೀಲಿ ಮುಚ್ಚಳದ್ದು. ಆ ಹುಡುಗನ ರಕ್ತವನ್ನೂ ಅದೇ ಎರಡು ಬಗೆಯ ಟ್ಯೂಬಿಗೆ ತೆಗೆದೆವು. "ನಂದ್ಯಾಕೆ ಮೇಡಂ?" ಅಂದ. ನಿನ್ನ ರಕ್ತದಲ್ಲೂ ಹೀಗೇ ಆದರೆ ತಪ್ಪು ಟ್ಯೂಬಿನ ಲಾಟಿನದ್ದು ಅಥವಾ ಮಷಿನಿನದ್ದು, ಆಗದಿದ್ದರೆ ಅವರ ರಕ್ತದ್ದು ಅಂದೆ. ಹೋಲಿಸಲು ಇನ್ನೊಂದು ಇಲ್ಲದ ಪ್ರಯೋಗದಿಂದ ಏನೂ ತಿಳಿಯುವುದಿಲ್ಲ. ಪುಸ್ತಕದಲ್ಲಿ "ನಿಯಂತ್ರಕ" ಎಂದು ಓದಿದ್ದ, ತನ್ನ ತೋಳಿನಿಂದಲೇ ಅದು ಬಂದಾಗ ಅರ್ಥವಾಯಿತು.

ಹೆಂಗಸಿನ ಇಡಿಟಿಎ ಟ್ಯೂಬನ್ನು ತೆಗೆದ ಕೂಡಲೇ ಹಾಕಿದಾಗ ಕೌಂಟ್ ಲಕ್ಷದ ಮೇಲಿತ್ತು, ಒಂದು ಗಂಟೆ ಬಿಟ್ಟು ಹಾಕಿದಾಗ ಮತ್ತೆ 30 ಸಾವಿರದ ಆಸುಪಾಸಿಗೆ ಇಳಿಯಿತು. ಸಿಟ್ರೇಟ್ ಟ್ಯೂಬಿನಲ್ಲಿ 1,90,000, ಗಂಟೆ ಕಳೆದರೂ ಹೆಚ್ಚುಕಮ್ಮಿ ಅಷ್ಟೇ. ಸಿಟ್ರೇಟ್ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರಾವಣ ಸೇರಿರುವುದರಿಂದ 1.1ರಿಂದ ಗುಣಿಸಬೇಕು, 2,09,000 ಆಯಿತು. ಸಿಟ್ರೇಟ್ ರಕ್ತದ ಸ್ಮಿಯರನ್ನು ಕಣ್ಣಲ್ಲೂ ಎಣಿಸಿದೆವು. ಎಣ್ಣೆ ಲೆನ್ಸಿನ ಒಂದು ಫೀಲ್ಡಿನಲ್ಲಿ ಸರಾಸರಿ ಎಷ್ಟು ಪ್ಲೇಟ್‌ಲೆಟ್ ಕಾಣುತ್ತದೋ ಅದನ್ನು 15,000ದಿಂದ ಗುಣಿಸಿದರೆ ಅಂದಾಜು ಸಿಗುತ್ತದೆ, ಅದೂ ಎರಡು ಲಕ್ಷದ ಹತ್ತಿರವೇ ಬಂತು. ಹುಡುಗನ ರಕ್ತ ಎರಡೂ ಟ್ಯೂಬಿನಲ್ಲಿ ಒಂದೇ ಥರ.

ಕಾರಣ ಇಷ್ಟು: ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು, ಇಡಿಟಿಎ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಹೋದಾಗ ಪ್ಲೇಟ್‌ಲೆಟ್‌ನ ಪೊರೆಯ ಮೇಲಿನ ಒಂದು ಪ್ರೋಟೀನಿನ ಆಕಾರ ಬದಲಾಗುತ್ತದೆ. ಸುಮಾರು ಸಾವಿರದಲ್ಲಿ ಒಬ್ಬರ ರಕ್ತದಲ್ಲಿ ಆ ಬದಲಾದ ಆಕಾರಕ್ಕೆ ಅಂಟುವ ಪ್ರತಿಕಾಯ (ಆ್ಯಂಟಿಬಾಡಿ) ಇರುತ್ತದೆ, ಅದೇ ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಇದೆಲ್ಲ ನಡೆಯುವುದು ಟ್ಯೂಬಿನಲ್ಲಿ. ಆ ಹೆಂಗಸಿನ ಮೈಯಲ್ಲಿ ಪ್ಲೇಟ್‌ಲೆಟ್ ಸರಿಯಾಗಿಯೇ ಇತ್ತು. ಡಾಕ್ಟರಿಗೆ ಮತ್ತೆ ಫೋನ್ ಮಾಡಿದ್ದು ಆ ಹುಡುಗನೇ.

ಒಂದು ಸಲಕ್ಕೆ ಒಂದನ್ನೇ ಬದಲಿಸುವ ಶಿಸ್ತು ಕಲಿಸಲು ನನಗೆ ಬಣ್ಣ ಹಾಕುವ ಕೆಲಸ ಬಹಳ ಇಷ್ಟ. ಲೀಶ್‌ಮನ್ ಬಣ್ಣದಲ್ಲಿ ಇಯೋಸಿನ್ ಹಿಮೋಗ್ಲೋಬಿನ್ನಿಗೆ ಹಿಡಿದು ಗುಲಾಬಿ ಮಾಡುತ್ತದೆ, ನೀಲಿ ಬಣ್ಣಗಳು ಕೋಶಕೇಂದ್ರದ ಡಿಎನ್‌ಎಗೆ ಹಿಡಿದು ನೇರಳೆ ಮಾಡುತ್ತವೆ. ಬಫರಿನ ಪಿಎಚ್ 6.8 ಇರಬೇಕು. ಬಫರಿನ ಬದಲು ಬೋರಿನ ಗಡಸು ನೀರು ಸುರಿದರೆ ಸ್ಲೈಡೆಲ್ಲ ನೀಲಿಗಟ್ಟುತ್ತದೆ. ಸ್ಲೈಡ್ ನೀಲಿಯಾಯಿತು ಎಂದರೆ ಹೊಸಬರು ಬಣ್ಣದ ಬಾಟಲಿ ಬದಲಿಸಿ, ಬಫರ್ ಬದಲಿಸಿ, ಹೊತ್ತೂ ಕಮ್ಮಿ ಮಾಡಿ ಎಲ್ಲ ಒಟ್ಟಿಗೇ ಸರಿಮಾಡಲು ಹೋಗುತ್ತಾರೆ. ಸರಿಯೇನೋ ಆಗುತ್ತದೆ, ಯಾವುದರಿಂದ ಆಯಿತು ಎಂದು ಮಾತ್ರ ಗೊತ್ತಾಗುವುದಿಲ್ಲ. ಒಂದೇ ರಕ್ತದ ನಾಲ್ಕು ಸ್ಮಿಯರ್ ಎಳೆಸುತ್ತೇನೆ. ಒಂದು ಇದ್ದ ಹಾಗೆ, ಉಳಿದ ಮೂರರಲ್ಲಿ ಒಂದೊಂದೇ ಬದಲು. ನಾಲ್ಕನ್ನೂ ಬೆಳಕಿಗೆ ಹಿಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಕೋಶಪೊರೆಯನ್ನು ಕಣ್ಣಿಗೆ ಕಾಣಿಸುವ ಇನ್ನೊಂದು ಅಭ್ಯಾಸ ಇದೆ. ಮೂರು ಟ್ಯೂಬ್: ಒಂದರಲ್ಲಿ ಡಿಸ್ಟಿಲ್ಡ್ ವಾಟರ್, ಒಂದರಲ್ಲಿ 0.9% ಸಲೈನ್, ಒಂದರಲ್ಲಿ 3% ಉಪ್ಪುನೀರು. ಮೂರಕ್ಕೂ ಅಷ್ಟಷ್ಟೇ ಹನಿ ರಕ್ತ. ಟ್ಯೂಬಿನ ಹಿಂದೆ ಅವತ್ತಿನ 'ಜನತಾವಾಣಿ' ಪತ್ರಿಕೆ ಹಿಡಿದರೆ ಮೊದಲನೇ ಟ್ಯೂಬಿನಲ್ಲಿ ಕೆಂಪು ಗಾಜಿನ ಮೂಲಕ ಓದಿದಂತೆ ಅಕ್ಷರ ಕಾಣುತ್ತದೆ, ನೀರು ಒಳನುಗ್ಗಿ ಕಣಗಳೆಲ್ಲ ಒಡೆದಿರುತ್ತವೆ. ಸಲೈನ್ ಟ್ಯೂಬ್ ಮಬ್ಬು, ಅಕ್ಷರ ಕಾಣುವುದಿಲ್ಲ, ಕಣಗಳು ಹಾಗೇ ಇವೆ. ಉಪ್ಪುನೀರಿನದ್ದೂ ಮಬ್ಬೇ, ಆದರೆ ಸ್ಲೈಡ್ ಮಾಡಿ ನೋಡಿದರೆ ನೀರು ಕಳೆದುಕೊಂಡ ಕಣಗಳ ಅಂಚು ಮುಳ್ಳುಮುಳ್ಳಾಗಿರುತ್ತದೆ. ಇಲ್ಲೂ ಮೊದಲು ಊಹೆ ಬರೆಸುತ್ತೇನೆ. ಉಪ್ಪುನೀರಿನಲ್ಲಿ ಒಡೆಯುತ್ತದೆ ಎಂದು ಬರೆಯುವವರು ಬಹಳ ಮಂದಿ. ತಮ್ಮ ಊಹೆ ಬಿದ್ದಾಗ ಅವರ ಮುಖದಲ್ಲಿ ಏಳುವ ಕುತೂಹಲಕ್ಕಾಗಿಯೇ ನಾನು ಇದನ್ನು ಮಾಡಿಸುತ್ತೇನೆ.

ಈ ನೀರು ನುಗ್ಗುವ ಗುಣದಿಂದಲೇ ಮನುಷ್ಯನ ವರ್ಣತಂತುಗಳ ಲೆಕ್ಕ ಸರಿಯಾದ ಕಥೆಯನ್ನು ಆಮೇಲೆ ಅವರಿಗೆ ಹೇಳುತ್ತೇನೆ. 1923ರಲ್ಲಿ ಥಿಯೋಫಿಲಸ್ ಪೇಂಟರ್ ಎಂಬ ವಿಜ್ಞಾನಿ ಮನುಷ್ಯನ ಜೀವಕೋಶದಲ್ಲಿ 48 ವರ್ಣತಂತುಗಳಿವೆ ಎಂದು ಬರೆದರು. ಒಂದರ ಮೇಲೊಂದು ಬಿದ್ದಿರುವ ಎಳೆಗಳನ್ನು ಎಣಿಸುವುದು ಸುಲಭವಾಗಿರಲಿಲ್ಲ, ಎಲ್ಲರೂ ಆ ಸಂಖ್ಯೆಯನ್ನೇ ಒಪ್ಪಿಕೊಂಡರು. 1952ರಲ್ಲಿ ಟೆಕ್ಸಾಸಿನಲ್ಲಿ ಟಿ. ಸಿ. ಶೂ ಅವರಿಗೆ ಒಂದು ದಿನ ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿದ ಸ್ಲೈಡ್‌ಗಳು ಕಂಡವು. ಯಾಕೆಂದು ಗೊತ್ತಿಲ್ಲ, ಮತ್ತೆ ಮಾಡಿದರೆ ಬರುವುದಿಲ್ಲ. ಒಂದೊಂದನ್ನೇ ಬದಲಿಸಿ ನೋಡುತ್ತಾ ಹೋದಾಗ ತಿಳಿಯಿತು: ತೊಳೆಯುವ ದ್ರಾವಣದಲ್ಲಿ ಉಪ್ಪು ಕಮ್ಮಿಯಾಗಿತ್ತು, ನೀರು ನುಗ್ಗಿ ಕೋಶ ಊದಿ ಎಳೆಗಳು ದೂರದೂರ ಸರಿದಿದ್ದವು. ಇಷ್ಟು ಚೆಂದ ಕಂಡರೂ ಅವರೂ 48 ಎಂದೇ ಬರೆದರು. ಅದೇ ಉಪಾಯ ಬಳಸಿ, ಜೊತೆಗೆ ಕೋಶ ವಿಭಜನೆಯನ್ನು ನಡುವೆಯೇ ನಿಲ್ಲಿಸುವ ಕೊಲ್ಚಿಸಿನ್ ಸೇರಿಸಿ ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಚಿಯೋ ಮತ್ತು ಆಲ್ಬರ್ಟ್ ಲೆವಾನ್ 46 ಎಂದು ಎಣಿಸಿ 1956ರಲ್ಲಿ ಪ್ರಕಟಿಸಿದರು. ಮೂವತ್ತು ವರ್ಷಕ್ಕೂ ಮೇಲೆ ಎರಡು ವರ್ಣತಂತು ಪುಸ್ತಕದಲ್ಲಿ ಮಾತ್ರ ಬದುಕಿದ್ದವು.

ಈಗ ನಮ್ಮ ಲ್ಯಾಬಿನಲ್ಲಿ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗೆ ಬಂದ ಪ್ರತಿ ಹೊಸ ಸ್ಯಾಂಪಲ್‌ಗೂ ಸ್ಮಿಯರ್ ನೋಡಿ, ಬಾಲದ ಅಂಚು ನೋಡಿದೆ ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುತ್ತೇವೆ. ಡೆಂಗಿಯ ಹೊತ್ತಿನಲ್ಲಿ ಬಹುಪಾಲು ಸ್ಯಾಂಪಲ್‌ಗಳಲ್ಲಿ ಗುಂಪು ಇರುವುದಿಲ್ಲ, ಕೌಂಟ್ ನಿಜವಾಗಿಯೂ ಇಳಿದಿರುತ್ತದೆ. ಆಗ ಆ ನಂಬರನ್ನು ಧೈರ್ಯವಾಗಿ ಹೇಳಲು ಇದೇ ಸ್ಮಿಯರ್ ಆಧಾರ. ಗುಂಪು ಕಂಡರೆ ರಿಪೋರ್ಟಿನಲ್ಲಿ ನಂಬರಿನ ಪಕ್ಕ "ಪ್ಲೇಟ್‌ಲೆಟ್ ಗುಂಪುಗಳು ಕಂಡಿವೆ, ಸಿಟ್ರೇಟ್ ಸ್ಯಾಂಪಲ್ ಕಳಿಸಿ" ಎಂದು ಸೇರಿಸುತ್ತೇವೆ, ಆ ರೋಗಿಗೂ ಒಂದು ಚೀಟಿ ಕೊಡುತ್ತೇವೆ, ಮುಂದೆ ಎಲ್ಲಿ ರಕ್ತ ಕೊಟ್ಟರೂ ತೋರಿಸಲಿ ಎಂದು. ಸಿಟ್ರೇಟಿನಲ್ಲೂ ಅಂಟಿಕೊಳ್ಳುವ ರಕ್ತ ಕೆಲವರದ್ದು ಇರುತ್ತದೆ. ಅಂಥವರಿಗೆ ಯಾವ ಟ್ಯೂಬನ್ನೂ ನೆಚ್ಚದೆ ಬೆರಳು ಚುಚ್ಚಿ ಆ ಹನಿಯಿಂದಲೇ ಸ್ಮಿಯರ್ ಎಳೆದು, ಫೀಲ್ಡ್ ಫೀಲ್ಡ್ ಕಣ್ಣಿನಿಂದ ಎಣಿಸಿ ಅಂದಾಜು ಬರೆಯುತ್ತೇವೆ.