ಒಬ್ಬಳೇ ಕೂತ ತರಗತಿ

ಮೂಡಿಗೆರೆ ಸೀಮೆಯ ನಮ್ಮ ಎಂಟನೇ ತರಗತಿಯಲ್ಲಿ ಹೆಚ್ಚಿನವರು ಕಾಫಿ ತೋಟದ ಕೂಲಿಕಾರರ ಲೈನ್ ಮನೆಗಳ ಮಕ್ಕಳು. ಇಂದು ಅವರಿಗೆ ರೂಬಿ ಬ್ರಿಡ್ಜಸ್ ಎಂಬ ಆರು ವರ್ಷದ ಕಪ್ಪು ಹುಡುಗಿಯ ಸಂಗತಿ ಹೇಳಿದೆ. ವರ್ಣಭೇದದ ಶಾಲೆಗಳು ಸಂವಿಧಾನಬಾಹಿರವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1954ರಲ್ಲೇ ತೀರ್ಪಿತ್ತಿದ್ದರೂ, 1960ರ ನವೆಂಬರಿನಲ್ಲಿ ನ್ಯೂ ಆರ್ಲಿಯನ್ಸಿನ ಬಿಳಿಯರ ಶಾಲೆಗೆ ಆಕೆ ಕಾಲಿಡಲು ಕೇಂದ್ರ ಸರ್ಕಾರದ ಭದ್ರತಾ ಅಧಿಕಾರಿಗಳಾದ ಫೆಡರಲ್ ಮಾರ್ಷಲ್‌ಗಳ ಕಾವಲು ಬೇಕಾಯಿತು. ಬಿಳಿಯ ಪೋಷಕರು ತಮ್ಮ ಮಕ್ಕಳನ್ನು ಕರೆದೊಯ್ದದ್ದರಿಂದ, ಬಾರ್ಬರಾ ಹೆನ್ರಿ ಎಂಬ ಶಿಕ್ಷಕಿ ಖಾಲಿ ಕೋಣೆಯಲ್ಲಿ ಆ ಒಬ್ಬಳಿಗೇ ವರ್ಷವಿಡೀ ಪಾಠ ಮಾಡಿದರು.

ತೀರ್ಪಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ (ನಾನು ಸಿದ್ಧಮಾಡಿಕೊಂಡು ಹೋಗಿದ್ದು ಅದನ್ನೇ). ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಮಧ್ಯಾಹ್ನ ಅವಳು ಯಾರ ಜೊತೆ ಊಟ ಮಾಡುತ್ತಿದ್ದಳು, ಮೇಡಂ?" ಎಂದಳು. ಒಬ್ಬಳೇ, ಎಂದೆ. ಅಂಬೇಡ್ಕರರು ಬಾಲ್ಯದಲ್ಲಿ ಮನೆಯಿಂದ ತಂದ ಗೋಣಿಯ ಮೇಲೆ ಬೇರೆಯಾಗಿ ಕೂರಬೇಕಾಗಿದ್ದುದನ್ನು ಕಳೆದ ವಾರವಷ್ಟೇ ಕೇಳಿದ್ದ ಹುಡುಗನೊಬ್ಬ, "ಅಲ್ಲಿ ಬಣ್ಣ, ಇಲ್ಲಿ ಜಾತಿ" ಎಂದು ತಾನೇ ಸೇರಿಸಿದ.

ಅಸ್ಪೃಶ್ಯತೆಯನ್ನು ರದ್ದುಪಡಿಸಿದ ನಮ್ಮ ಸಂವಿಧಾನದ 17ನೇ ವಿಧಿಯನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದಾಗ, ಪ್ರಶ್ನೆ ಕೇಳಿದ ಆ ಹುಡುಗಿಯೇ ಬಿಸಿಯೂಟದ ತಟ್ಟೆ ಹಿಡಿದು ದಿನವೂ ಜಗಲಿಯ ಕೊನೆಯ ಕಂಬದ ಪಕ್ಕ ಒಬ್ಬಳೇ ಕೂರುವುದು ನೆನಪಾಯಿತು. ಇಷ್ಟು ದಿನ ಅದನ್ನು ಸಂಕೋಚದ ಸ್ವಭಾವವೆಂದೇ ತಿಳಿದಿದ್ದೆ.