ನಾಲ್ಕು ಬಾರಿ 110/70

2019ರ ಬೇಸಿಗೆ. ಸಮಾಜಕಾರ್ಯ ಓದುತ್ತಿದ್ದ ನನ್ನನ್ನು ಕ್ಷೇತ್ರಕಾರ್ಯಕ್ಕೆಂದು ರಾಯಚೂರು ಜಿಲ್ಲೆಗೆ ಕಳಿಸಿದ್ದರು. ಒಂದು ಬೆಳಿಗ್ಗೆ ಆರೋಗ್ಯ ಇಲಾಖೆಯವರ ಜೊತೆ ಒಂದು ಹಳ್ಳಿಗೆ ಹೋದೆ. ಬಸುರಿನಲ್ಲಾಗಲಿ, ಹೆರಿಗೆಯಲ್ಲಾಗಲಿ, ಅದಾದ 42 ದಿನಗಳೊಳಗಾಗಲಿ ಹೆಣ್ಣು ಸತ್ತರೆ ಮನೆಗೇ ಹೋಗಿ ಕಾರಣ ವಿಚಾರಿಸಿ ಬರೆದುಕೊಳ್ಳಬೇಕು. ಬರೆಯುವ ಕೆಲಸ ನನ್ನದು.

ತೀರಿಕೊಂಡವಳ ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದವನು ಮಣ್ಣಿಗಷ್ಟೇ ಬಂದು ಮತ್ತೆ ಹೋಗಿದ್ದ. ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹೇಳುತ್ತಾ ಹೋದಳು. "ಕಾಲು ಬಾತಿದ್ದವು. ಬಸುರಿಗೆ ಬಾಯುವುದೇ ಎಂದು ಸುಮ್ಮನಾದೆವು. ತಲೆ ಸಿಡಿಯುತ್ತದೆ ಎನ್ನುತ್ತಿದ್ದಳು, ಬಿಸಿಲಿಗೆ ಎಂದುಕೊಂಡೆವು. ಆ ರಾತ್ರಿ ಸೆಟೆದುಕೊಂಡು ಹಲ್ಲು ಕಚ್ಚಿದಾಗ ಗಾಳಿ ಸೋಕಿತೆಂದು ಲಿಂಬೆಹಣ್ಣು ಇಳಿ ತೆಗೆದೆವು. ಏನು ಮಾಡುವುದು ತಾಯಿ, ಅವಳ ಹಣೆಬರಹ."

ಆಮೇಲೆ ಮೂರು ಆಸ್ಪತ್ರೆ. ಮೊದಲನೆಯದರಲ್ಲಿ ವೈದ್ಯರಿಲ್ಲ, ಎರಡನೆಯದರಲ್ಲಿ "ಮುಂದಕ್ಕೆ ಒಯ್ಯಿರಿ". ಮೂರನೆಯದರಲ್ಲಿ ಮಗು ಉಳಿಯಿತು. ಬಸುರಿನ ರಕ್ತದೊತ್ತಡ ಏರಿ ಬರುವ ಈ ಫಿಟ್ಸಿಗೆ ಮೆಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಚುಚ್ಚುಮದ್ದಿದೆ. ಮೊದಲ ಡೋಸನ್ನು ಕೊಟ್ಟೇ ಮುಂದಕ್ಕೆ ಕಳಿಸಬೇಕು. ಕೊಟ್ಟದ್ದಕ್ಕೆ ಯಾವ ಚೀಟಿಯಲ್ಲೂ ಗುರುತಿರಲಿಲ್ಲ.

ಬಸುರಿಯ ತಪಾಸಣೆಗಳನ್ನು ಬರೆದಿಡುವ ತಾಯಿ ಕಾರ್ಡ್ ಕೇಳಿದೆವು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗೂಟಕ್ಕೆ ತೂಗುಹಾಕಿದ್ದರು. ರಕ್ತದೊತ್ತಡದ ಸಾಲಿನಲ್ಲಿ ನಾಲ್ಕು ಭೇಟಿ, ನಾಲ್ಕೂ ಕಡೆ 110/70. ನಾಲ್ಕಕ್ಕೂ ಒಂದೇ ನೀಲಿ ಶಾಯಿ, ಏಳರ ಕೊಕ್ಕೆ ನಾಲ್ಕೂ ಕಡೆ ಒಂದೇ ಬಗೆ. ಮೂತ್ರ ಪರೀಕ್ಷೆಯ ಸಾಲು ಖಾಲಿ. ಕೂತು ಒಂದೇ ಉಸಿರಿನಲ್ಲಿ ತುಂಬಿದ ಹಾಗಿತ್ತು. ತುಂಬಿದ ಆರೋಗ್ಯ ಕಾರ್ಯಕರ್ತೆಯ ಮೇಲೂ ನನಗೆ ಪೂರ್ತಿ ಸಿಟ್ಟು ಬರಲಿಲ್ಲ. ಒಬ್ಬಳೇ ಆರು ಹಳ್ಳಿ ಸುತ್ತುತ್ತಿದ್ದಳು, ಬಿಪಿ ಯಂತ್ರ ಕೆಟ್ಟು ತಿಂಗಳುಗಳಾಗಿದ್ದವು ಎಂದು ಆಮೇಲೆ ತಿಳಿಯಿತು.

ನಮೂನೆಯಲ್ಲಿ ವಿಳಂಬ ಎಲ್ಲಿ ಆಯಿತು ಎಂಬ ಪ್ರಶ್ನೆಯಿತ್ತು: ಮನೆಯವರು ತೀರ್ಮಾನಿಸುವುದರಲ್ಲೋ, ದಾರಿಯಲ್ಲೋ, ಆಸ್ಪತ್ರೆಯಲ್ಲೋ. ನಮ್ಮ ತಂಡದ ಹಿರಿಯರು ಮೊದಲನೆಯದಕ್ಕೆ ಗುರುತು ಹಾಕಲು ಹೇಳಿದರು. ಲಿಂಬೆಹಣ್ಣು ಇತ್ತಲ್ಲ! ನಾನು ಮೂರನೆಯದಕ್ಕೂ ಹಾಕಿದೆ. "ಇದು ಯಾರನ್ನೂ ಶಿಕ್ಷಿಸುವುದಕ್ಕಲ್ಲಮ್ಮ" ಎಂದರು. ನಿಯಮವೂ ಹಾಗೆಯೇ ಇದೆ. ಆದರೆ ಅತ್ತೆಗೆ ಮಾತ್ರ ಅಲ್ಲೇ, ನಮ್ಮೆಲ್ಲರೆದುರೇ ಶಿಕ್ಷೆಯಾಗಿ ಹೋಗಿತ್ತು.

ಆ ಹಣೆಬರಹ ಎಂಬ ಮಾತು ನನ್ನನ್ನು ಬಿಡಲಿಲ್ಲ. 2018–20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ ಸತ್ತ ತಾಯಂದಿರು 69, ಪಕ್ಕದ ಕೇರಳದಲ್ಲಿ 19. ಗಡಿ ದಾಟಿದರೆ ಬದಲಾಗುವ ಹಣೆಬರಹ ಅದೆಂಥದು? ಆಸ್ಪತ್ರೆಗಳಲ್ಲಿ ಸರಿಯಾದ ಆರೈಕೆ ಸಿಗದ ಇಬ್ಬರು ಬಡ ಹೆಂಗಸರ ಪ್ರಕರಣಗಳಲ್ಲಿ 2010ರಲ್ಲಿಯೇ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಎಸ್. ಮುರಳೀಧರ್ ತಾಯಿಯ ಆರೋಗ್ಯ ಬದುಕುವ ಹಕ್ಕಿನದೇ ಭಾಗ, ಯಾವ ಹಂತದಲ್ಲೂ ಬಸುರಿಗೆ ಚಿಕಿತ್ಸೆ ನಿರಾಕರಿಸಕೂಡದು ಎಂದು ಬರೆದಿದ್ದರು. ಅದಾಗಿ ಹನ್ನೆರಡು ವರ್ಷಕ್ಕೆ, 2022ರ ನವೆಂಬರಿನಲ್ಲಿ, ತುಮಕೂರಿನಲ್ಲಿ ತಾಯಿ ಕಾರ್ಡ್ ಇಲ್ಲವೆಂದು ವಾಪಸು ಕಳಿಸಿದ ಹೆಣ್ಣುಮಗಳು ಮನೆಯಲ್ಲಿ ಅವಳಿ ಕೂಸುಗಳೊಂದಿಗೆ ಸತ್ತಳು. ಸುದ್ದಿ ಓದುವಾಗ ನನಗೆ ಕಂಡದ್ದು ಗೂಟದ ಮೇಲಿನ ಚೀಲ. ಅವಳ ಬಳಿ ಕಾರ್ಡ್ ಇರಲಿಲ್ಲ. ಇವಳ ಬಳಿ ಇತ್ತು, ತುಂಬಿಯೂ ಇತ್ತು.

ಅಂದು ಹೊರಡುವಾಗ ಹಿರಿಯರು ಕಾರ್ಡನ್ನು ಕಡತಕ್ಕೆ ಸೇರಿಸಲು ಹೋದರು. ಅತ್ತೆ ಕೈ ಚಾಚಿದಳು.

"ಅದನ್ನು ಕೊಟ್ಟು ಹೋಗಿರಿ. ಹಿಂದಿನ ಹಾಳೆಯಲ್ಲಿ ಕೂಸಿನದಿದೆ. ಗುರುವಾರ ಸೂಜಿ ಹಾಕಿಸಬೇಕು."

ಹಿರಿಯರು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು. ಅವಳು ಕಾರ್ಡನ್ನು ಚೀಲದಲ್ಲಿ ಸುತ್ತಿ ಮತ್ತೆ ಗೂಟಕ್ಕೆ ಹಾಕಿದಳು.